ದಿವಾನರ ಮಗ್ಗು, ನಮ್ಮ ತಾತನ ಪೇಟ

ಹಳೇ ಮೈಸೂರಿನ ದಿವಾನರು ಫೋಟೋ ತೆಗೆಸಿಕೊಳ್ಳುವಾಗ ಅವರ ತಲೆಗೆ ಪೇಟ ಕಟ್ಟಿದ್ದು ನಮ್ಮ ತಾತ. ಸುಳ್ಳು ಅನ್ನುವವರಿದ್ದರೆ ಮುಂದೆ ಬರಲಿ. ದಿವಾನರು ಇಲ್ಲ, ತಾತ ಇಲ್ಲ, ಫೋಟೋ ತೆಗೆದ ಪುಣ್ಯಾತ್ಮನೂ ಇಲ್ಲ. ಉಳಿದವನು ನಾನೊಬ್ಬನೇ, ನಾನು ಹೇಳುತ್ತಿದ್ದೇನೆ.

ನಾನೂ ಐವತ್ತು ವರ್ಷದಿಂದ ಪೇಟ ಕಟ್ಟುವವನೇ. ಯಲಹಂಕದಿಂದ ಯಶವಂತಪುರದವರೆಗೆ ಮದುವೆ ಗಂಡುಗಳು, ಸನ್ಮಾನದ ದೊಡ್ಡ ಮನುಷ್ಯರು, ಎಲ್ಲರ ತಲೆಯೂ ನನ್ನ ಕೈಗೆ ಸಿಕ್ಕಿದೆ. ತಲೆಗಳ ಸಹವಾಸ ಮಾಡಿದವನಿಗೆ ಪಜೀತಿಗಳು ಆಗುತ್ತಲೇ ಇರುತ್ತವೆ. ಈ ವರ್ಷ ಆದವೆಲ್ಲ ಮಾತ್ರ ಒಂದೇ ಕಾಫಿ ಮಗ್ಗಿನಿಂದ. ನನಗೆ ಓದು ಬರಹ ಬರಲ್ಲ. ನಾನು ಹೇಳುತ್ತೇನೆ, ಸೊಸೆ ಬರೆದುಕೊಳ್ಳುತ್ತಾಳೆ. ಮಗ್ಗು ಅವಳದೇ. ಈಗ ಅದು ಶೋಕೇಸಿನಲ್ಲಿ ಭದ್ರವಾಗಿ ಕೂತಿರುವುದರಿಂದ ಧೈರ್ಯವಾಗಿ ಬಾಯಿ ಬಿಡುತ್ತಿದ್ದೇನೆ.

ಸೊಸೆ ಸೋಲದೇವನಹಳ್ಳಿ ಕಡೆ ಒಂದು ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳೆ. ಬಡ್ತಿ ಅನ್ನೋದನ್ನು ಕಣ್ಣಲ್ಲಿ ಕಂಡಿಲ್ಲ. ವಾರ್ಷಿಕೋತ್ಸವಕ್ಕೆ ಅಲ್ಲಿ ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರಿಗೂ ಒಂದೊಂದು ಮಗ್ಗು ಕೊಟ್ಟರು. ಮುಂದೆ ಪೇಟ ತೊಟ್ಟ ದಿವಾನರ ಚಿತ್ರ, ಮಗ್ಗಿನ ತಳದಲ್ಲಿ ಏನೋ ಎರಡು ಸಾಲು ಅಕ್ಷರ. ಅವಳು ಆ ಅಕ್ಷರದ ಮೇಲೆ ಬೆರಳಾಡಿಸಿ, ಕಣ್ಣೊರೆಸಿಕೊಂಡು ಶೋಕೇಸಿನಲ್ಲಿಟ್ಟಳು.

"ಮಾವ, ಇಷ್ಟು ವರ್ಷಕ್ಕೆ ಸಿಕ್ಕಿದ್ದು ಇದೊಂದೇ. ದಯವಿಟ್ಟು ಮುಟ್ಬೇಡಿ."

ಹಿಂಗಂದರೆ ಯಾರು ತಾನೇ ಮುಟ್ಟದೆ ಇರ್ತಾರೆ?

೧. ದಿವಾನರ ಬೆನ್ನು

ಆರ್.ಟಿ. ನಗರದ ಛತ್ರದಲ್ಲಿ ಒಂದು ಮದುವೆ. ಗಂಡಿನ ಕಡೆಯವರು ಹುಬ್ಬಳ್ಳಿಯಿಂದ ಬಂದು ಇಲ್ಲಿ ನೆಲೆಸಿದವರು. ಹುಡುಗನಿಗೆ ಮೈಸೂರು ಪೇಟ ಬೇಕು, ಅವನ ಅಜ್ಜನಿಗೆ ತಮ್ಮ ಕಡೆಯ ರುಮಾಲೇ ಆಗಬೇಕು. ಇಂಥ ಜಗಳ ಇದ್ದೇ ಇರುತ್ತೆ ಅಂತ ನಾನು ಮಗ್ಗನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ. ಎತ್ತಿ ತೋರಿಸಿದೆ.

"ನೋಡಿ ಯಜಮಾನ್ರೇ, ಅಸಲಿ ಪೇಟ ಅಂದ್ರೆ ಇದು. ಕಟ್ಟಿದ್ದು ನಮ್ಮ ತಾತ."

ಅಜ್ಜ ಕನ್ನಡಕ ಏರಿಸಿ ನೋಡಿದರು. "ಛಲೋ ಐತಿ. ಹಿಂದ ಹೆಂಗೈತಿ?"

ತಿರುಗಿಸಿದೆ. ಹಿಂದೆ ಮಗ್ಗಿನ ಹಿಡಿ.

"ಇದೊಂದ್ ಬ್ಯಾಡ್ರಿ ನಮ್ಮ ಹುಡುಗಗ," ಅಂದರು ಅಜ್ಜ. "ಹೆಂಡ್ತಿ ಮೊದಲನೇ ದಿನಾನ ಹಿಡಕೊಂಡು ತಿರುಗಸ್ತಾಳ!"

೨. ತಟ್ಟೆಗೆ ಬಿದ್ದ ಮೇಲೆ

ಅಲ್ಲಿಂದ ಸೀದಾ ಕೋಗಿಲಿಗೆ, ಒಂದು ಬಡಾವಣೆ ಸಂಘದ ಸನ್ಮಾನಕ್ಕೆ. ಸನ್ಮಾನ ಅಂದರೆ ಗೊತ್ತಲ್ಲ: ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ನೆನಪಿನ ಕಾಣಿಕೆ. ಒಂದು ಕಮ್ಮಿಯಾದರೂ ಅತಿಥಿಯ ಮುಖ ದಪ್ಪ. ಅವತ್ತು ಕಾಣಿಕೆ ತರಬೇಕಾದವನು ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ. ನಾನು ಪೇಟಕ್ಕೆ ಪಿನ್ನು ಹುಡುಕುತ್ತಾ ಚೀಲದ ಸಾಮಾನೆಲ್ಲ ಮೇಜಿನ ಮೇಲೆ ಹರಡಿದ್ದೆ. ಸಂಘದ ಕಾರ್ಯದರ್ಶಿ ಬಂದವರೇ, "ಓ, ಕಾಣಿಕೆ ಬಂದೇಬಿಡ್ತು!" ಅಂತ ಮಗ್ಗನ್ನು ತಟ್ಟೆಗಿಟ್ಟು ವೇದಿಕೆಗೆ ಒಯ್ದರು. ತಟ್ಟೆಗೆ ಬಿದ್ದ ಮೇಲೆ ಮುಗೀತು, ಅದು ಅತಿಥಿಯದೇ.

ಅತಿಥಿ ಯಲಹಂಕದ ನಿವೃತ್ತ ಎಂಜಿನಿಯರು. ನಾನು ಅವರಿಗೆ ಪೇಟ ತೊಡಿಸುತ್ತಿದ್ದೇನೆ, ಪಕ್ಕದಲ್ಲೇ ಸೊಸೆಯ ಮಗ್ಗು ಅವರ ಕೈ ಸೇರುತ್ತಿದೆ. ನನ್ನ ಕಣ್ಣು ಮಗ್ಗಿನ ಮೇಲಿದ್ದು ಪೇಟ ಅವರ ಮೂಗಿನವರೆಗೆ ಇಳಿಯಿತು.

"ಸ್ವಾಮಿ, ಅದು ನಂದು," ಅಂತ ಕಿವಿಯಲ್ಲಿ ಉಸುರಿದೆ.

"ಗೊತ್ತು ಕಣ್ರೀ, ಕಟ್ಟಿದ್ದು ನೀವೇ. ಫೋಟೋಕ್ಕೆ ನಿಮ್ಮನ್ನೂ ಸೇರಿಸ್ಕೋತೀವಿ. ಮೊದ್ಲು ನಂಗೆ ಕಣ್ಣು ಕಾಣೋ ಹಂಗೆ ಮಾಡಿ!"

೩. ಎಂಜಿನಿಯರ ಬೀರು

ಶೋಕೇಸಿನಲ್ಲಿ ಮಗ್ಗಿದ್ದ ಜಾಗಕ್ಕೆ ಒಂದು ಪೇಟ ಕವುಚಿ ಹಾಕಿದೆ. ಸೊಸೆ ಕೇಳಿದಳು. "ಧೂಳು ಕೂರಬಾರದಲ್ಲಮ್ಮ, ದಿವಾನರಿಗೆ ಮುಚ್ಚಿದ್ದೀನಿ," ಅಂದೆ. ಪಾಪ, ಕೈ ಮುಗಿದು ಕಾಲೇಜಿಗೆ ಹೋದಳು. ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಯಲಹಂಕಕ್ಕೆ ಓಡಿದೆ. ಎಂಜಿನಿಯರ ಹೆಂಡತಿ ನಗುತ್ತಾ ಬೀರು ತೆಗೆದರು. "ಮಗ್ಗಾ? ಯಾವ್ದು ಬೇಕೋ ಆರಿಸ್ಕೊಳ್ಳಿ." ಒಳಗೆ ಮಗ್ಗುಗಳು, ಗಣಪತಿಗಳ ಸಾಲು, ಗಾಜಿನ ನವಿಲು, ಗೋಡೆ ಗಡಿಯಾರಗಳ ರಾಶಿ. ದಿವಾನರು ಮಾತ್ರ ಇಲ್ಲ.

"ಅಯ್ಯೋ, ಪೇಟ ತೊಟ್ಟವರ ಚಿತ್ರ ಇದ್ದಿದ್ದಾ? ಬೆಳಗ್ಗೆ ತಾನೇ ಯಾರಿಗೋ ಸನ್ಮಾನ ಅಂತ ನಮ್ಮೆಜಮಾನ್ರು ಕೊಟ್ಟು ಕಳಿಸಿದ್ರು. ಬರಿಗೈಲಿ ಹೋಗ್ಬೇಡಿ, ತಗೊಳ್ಳಿ," ಅಂತ ಎರಡು ಗಡಿಯಾರ ಕೊಟ್ಟರು. ಎರಡೂ ನಿಂತಿದ್ದವು, ನನ್ನ ಎದೆಯ ಹಾಗೆ.

೪. ಮಾಕಳಿಯಲ್ಲಿ ನನ್ನ ತಲೆ

ವಾರ ಕಳೆದ ಮೇಲೆ ಮಾಕಳಿಯ ಯುವಕರ ಸಂಘದಿಂದ ಕರೆ. ಪೇಟ ಹಿಡಿದು ಹೋದೆ. "ಯಾರ ತಲೆ ಗುರು?" ಅಂತ ಕೇಳಿದೆ.

"ಇವತ್ತು ನಿಮ್ದೇ ತಲೆ, ತಾತ! ಹಿರಿಯ ಕಲಾವಿದರಿಗೆ ಸನ್ಮಾನ."

ನನ್ನ ತಲೆಗೆ ನಾನೇ ಕಟ್ಟಿಕೊಂಡೆ. ಬೇರೆಯವರಿಗೆ ಆ ಯೋಗ್ಯತೆ ಎಲ್ಲಿದೆ? ಶಾಲು ಬಂತು, ಹಾರ ಬಂತು, ಹಣ್ಣು ಬಂತು. ಕೊನೆಗೆ ತಟ್ಟೆ ಬಂತು. ತಟ್ಟೆಯ ಮಧ್ಯದಲ್ಲಿ ದಿವಾನರು ಕೂತಿದ್ದರು!

ಮಗ್ಗನ್ನು ಎದೆಗವಚಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಮೈಕಿನವನು, "ನೋಡಿ, ಅಜ್ಜ ಎಷ್ಟು ಭಾವುಕರಾದರು!" ಅಂದ. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ಬಂದು ಶೋಕೇಸಿನಲ್ಲಿಟ್ಟು, ಮುಚ್ಚಿದ್ದ ಪೇಟ ತೆಗೆದೆ. ಆಮೇಲೆ ಬಂತು ನೋಡಿ ನಿದ್ದೆ! ಮಾರನೇ ದಿನ ಊಟದ ಹೊತ್ತಿಗೆ ಎದ್ದೆ.

ಇಷ್ಟು ಬರೆದುಕೊಂಡ ಸೊಸೆ ಈಗ ಪೆನ್ನು ಕೆಳಗಿಟ್ಟಳು.

"ಮಾವ, ವಾಪಸ್ ಬಂದಿದ್ದು ಅದೇ ಮಗ್ಗು ಅಂತ ಹೆಂಗೆ ಗೊತ್ತು?"

"ನಮ್ಮ ತಾತ ಕಟ್ಟಿದ ಪೇಟದ ಮಡಿಕೆ ಕಣಮ್ಮ! ಸಾವಿರ ಪೇಟದ ಮಧ್ಯೆ ಇಡು, ಕತ್ತಲಲ್ಲೂ ಗುರುತು ಹಿಡೀತೀನಿ."

ಎದ್ದು ಹೋಗಿ ಮಗ್ಗು ತಂದಳು. ತಲೆಕೆಳಗು ಮಾಡಿ ಅಡಿಯ ಅಕ್ಷರದ ಮೇಲೆ ಬೆರಳಿಟ್ಟಳು.

"ನಂದ್ರಲ್ಲಿ ಇಲ್ಲಿ ನನ್ನ ಹೆಸರಿತ್ತು. ಇದ್ರಲ್ಲಿ ನಮ್ಮ ಪ್ರಿನ್ಸಿಪಾಲರ ಹೆಸರಿದೆ! ಅವರೂ ಯಾವುದೋ ತಟ್ಟೆಗೆ ದಾಟಿಸಿದ್ದಾರೆ."

ಅವಳ ತುಟಿ ಅದುರುತ್ತಿತ್ತು. ಅಳುವೋ ನಗುವೋ ಅಂತ ಬಗ್ಗಿ ನೋಡಿದೆ. ಅಬ್ಬ, ನಗು. ಆಮೇಲೆ ಹೆಗಲು ಕುಣಿಸಿದೆ.

"ಇಪ್ಪತ್ತು ವರ್ಷದಿಂದ ಕೊಡದ ಬಡ್ತಿ ಕಣಮ್ಮ. ನಾನು ಕೊಡಿಸಿದೆ."