ಬಾತುಕೋಳಿಯ ಬೆನ್ನಿಗೊಂದು ‘ಚಯ್’

ಲಂಡನ್ನಿನಲ್ಲಿ ಸಸ್ಯಾಹಾರಿಯಾಗಿ ಬದುಕುವವನು ಕ್ರಮೇಣ ಪತ್ತೇದಾರನಾಗುತ್ತಾನೆ. ನನ್ನ ಅತ್ತೆ ಧಾರವಾಡದಿಂದ ಬರುವಾಗಲೇ ಪತ್ತೇದಾರರಾಗಿ ಬಂದಿದ್ದರು. ಹಾಗಾಗಿ ತೊಂಬತ್ತರ ದಶಕದ ಕೊನೆಗೆ ನಮ್ಮ ಕ್ರೋಯ್ಡನ್ ಫ್ಲ್ಯಾಟಿನಲ್ಲಿ ಇಂಥ ತನಿಖೆಗಳು ನಡೆಯುತ್ತಲೇ ಇದ್ದವು.

ಹುಣ್ಣಿಮೆಯ ಡಬ್ಬಿ

ಆಫೀಸಿನಲ್ಲಿ ನನ್ನೆದುರು ಕೂರುತ್ತಿದ್ದ ವಿಯೆಟ್ನಾಂ ಮೂಲದ ಹೆಂಗಸು ಒಂದು ದಿನ ಕೋಳಿ ಬಿಟ್ಟು ಟೋಫು ತಂದಿದ್ದರು. “ಇವತ್ತು ಚಯ್,” ಎಂದರು. ಚಯ್ ಎಂದರೆ ಮಾಂಸ, ಮೀನು ಇಲ್ಲದ ಊಟ. ಅವರಲ್ಲಿ ಹಲವರು ಅಮಾವಾಸ್ಯೆ, ಹುಣ್ಣಿಮೆಗೆ ಅದನ್ನೇ ಉಣ್ಣುತ್ತಾರಂತೆ. ಮನೆಗೆ ಬಂದು ಇದನ್ನು ಮೆಚ್ಚಿ ಹೇಳಿದೆ.

“ಉಳಿದ ದಿನ?” ಅತ್ತೆ ಕೇಳಿದರು.

“ಕೋಳಿ.”

“ಅದ ಡಬ್ಬಿಯೊಳಗ?”

“ಹೌದು.”

“ಆಕಿ ಡಬ್ಬಿ ಬಾಜೂಕ ನಿಮ್ಮ ಡಬ್ಬಿ ಇಡಬ್ಯಾಡ್ರಿ. ಹುಣ್ಣಿಮಿ ದಿನ ಬೇಕಾರ ಇಡ್ರಿ.”

ಚರ್ಮದ ಪ್ರಶ್ನೆ

ಹೆಂಡತಿಯ ಹುಟ್ಟುಹಬ್ಬ ಬಂತು. ಅವಳು ಕೇಳಿದ್ದು ಒಂದೇ: ಅವತ್ತು ತಾನು ಅಡುಗೆಮನೆಗೆ ಕಾಲಿಡಬಾರದು. ಅತ್ತೆ ಹೊರಗೆ ಉಣ್ಣುವವರಲ್ಲ. ಅವರು ಉಣ್ಣದಿದ್ದರೆ ಇವಳು ಮನೆಗೆ ಬಂದು ಒಲೆ ಹಚ್ಚಲೇಬೇಕು. ಆಫೀಸಿನ ಆ ಹೆಂಗಸು ಸೂಚಿಸಿದ್ದ, ಬರೀ ಚಯ್ ಮಾಡುವ ಹೋಟೆಲಿಗೆ ಇಬ್ಬರನ್ನೂ ಕರೆದೊಯ್ದೆ.

ಹೆಂಡತಿ ತಾಯಿಗೆ ಮೆನು ಓದಿ ಹೇಳಿದಳು: ಬಾತುಕೋಳಿ ಚಯ್, ಮೀನು ಚಯ್, ಸಿಗಡಿ ಚಯ್. ಅತ್ತೆ ಚೀಲ ಎತ್ತಿಕೊಂಡು ಎದ್ದರು.

“ಕೊನೆಗೆ ಚಯ್ ಅಂತ ಬಂದರೆ ಹಿಂದಿನದು ಇಲ್ಲ ಅಂತ ಅರ್ಥ. ಎಲ್ಲ ಸೋಯಾ,” ಎಂದೆ.

“ಇಲ್ಲದ್ದರ ಹೆಸರು ಯಾಕ ಬರದಾರ?”

ಪಕ್ಕದ ಮೇಜಿಗೆ ಬಂದ ಸೋಯಾ ಬಾತುಕೋಳಿಗೆ ಪುಕ್ಕ ಕಿತ್ತಂಥ ಗುರುತುಗಳಿರುವ ಚರ್ಮವೂ ಇತ್ತು. ಅತ್ತೆ ಬಗ್ಗಿ ನೋಡಿದರು. “ಕೊಲ್ಲಾಕ ಮನಸಿಲ್ಲದವ್ರು ಚರ್ಮ ಯಾಕ ಮಾಡ್ಯಾರ?”

ಪ್ರಶ್ನೆಯನ್ನು ಹೋಟೆಲಿನ ಒಡತಿಗೆ ದಾಟಿಸಿದೆ. ಅವರು ಅತ್ತೆಯನ್ನು ನೇರ ಅಡುಗೆಮನೆಗೆ ಕರೆದೊಯ್ದರು. ಪಾತ್ರೆಗಳ ಮುಚ್ಚಳ ಎತ್ತುವ, ಇಡುವ ಸದ್ದು ಕೇಳುತ್ತಲೇ ಇತ್ತು. ಹೊರಬಂದು ಅತ್ತೆ ತೀರ್ಪು ಕೊಟ್ಟರು: “ಏನೂ ಸಿಗಲಿಲ್ಲ. ಚೊಲೋತ್ನಾಗ ಮುಚ್ಚಿಟ್ಟಾರ. ನಂಗ ಬರೇ ಅನ್ನ ಸಾಕು.”

ತಿರುಗಿಬಂದ ತಪಾಸಣೆ

ಅನ್ನ ಬಂತು. ಅತ್ತೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಶೇಂಗಾ ಚಟ್ನಿಪುಡಿಯ ಮುಚ್ಚಳ ಬಿಚ್ಚಿದರು. ಆ ಕಡೆ ಹೋಗಿದ್ದ ಒಡತಿ ಮೂಗು ಅರಳಿಸುತ್ತ ವಾಪಸ್ ಬಂದರು. ಈಗ ಅವರು ಬಗ್ಗಿ ನೋಡಿದರು.

“ಇದರಲ್ಲಿ ಬೆಳ್ಳುಳ್ಳಿ ಇದೆಯಾ?”

ನಾನು ಕನ್ನಡಕ್ಕೆ ತಂದೆ. ಅತ್ತೆ ಹೆಮ್ಮೆಯಿಂದ, “ಭರಪೂರ ಐತಿ ಅನ್ರಿ,” ಎಂದರು.

ಒಡತಿ ಅಡ್ಡಡ್ಡ ತಲೆಯಾಡಿಸಿದರು. ಅವರ ಕಟ್ಟುನಿಟ್ಟಿನ ಚಯ್‌ನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. “ಕ್ಷಮಿಸಿ, ಇದು ಚಯ್ ಅಲ್ಲ. ನಮ್ಮ ಮೇಜಿನ ಮೇಲೆ ಇಡುವಂತಿಲ್ಲ.”

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಅತ್ತೆಗೆ, ಬಾತುಕೋಳಿ ಮಾರುವ ಹೋಟೆಲಿನಲ್ಲಿ, ನಿಮ್ಮ ಊಟ ಶುದ್ಧವಲ್ಲ ಎಂದು ನಾನೇ ಅನುವಾದಿಸಬೇಕಾಯಿತು. ಹೆಂಡತಿ ಮನೆಯ ಒಲೆಯನ್ನು ನೆನೆಸಿಕೊಂಡು ಕೋಟು ಕೈಗೆತ್ತಿಕೊಂಡಳು.

ಅತ್ತೆ ಒಡತಿಯನ್ನು ಮೇಲಿಂದ ಕೆಳಗೆ ನೋಡಿದರು. ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದರು. ಮತ್ತೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

“ನನ್ನ ಮ್ಯಾಲೆ ಸಂಶಯ ಪಟ್ಟಾಳಂದ್ರ ಈಕಿ ನಂಬೂವಂಥಾ ಹೆಣಮಗಳು,” ಎಂದರು. “ಆ ಬಾತುಕೋಳಿ ತರಸ್ರಿ.”