ಮೂರು ಶಿವಾ ತಗೊಳ್ಳುವ ಕಾರು

ಅಥವಾ ಎಣಿಕೆ ಮೂರಲ್ಲ, ನಾಲ್ಕಿತ್ತೇನೋ. ಈ ಕಥೆಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಎಲ್ಲಾದರೊಂದು ಕಡೆ ಸ್ವಲ್ಪ ಬಣ್ಣ ಬಳಿದಿದ್ದೇನೆ. ಈಗ ಮೊದಲಿನ ಬಣ್ಣ ಯಾವುದೆಂದು ನನಗೇ ತಿಳಿಯದಾಗಿದೆ. ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ: ದೇವದುರ್ಗದ ನನ್ನ ಸೋದರಮಾವನಷ್ಟು ಕಡಿಮೆ ಕಾರು ಓಡಿಸಿ, ಅವನಷ್ಟು ಹೆಚ್ಚು ಸಲ ಕಾರು ಶುರು ಮಾಡಿದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಮಾಮ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೋಯಿತು ಎಂದು ಬರೆಯುವ ಕೆಲಸ. ಬಸ್ಸುಗಳು ಅವನ ಮಾತು ಕೇಳುತ್ತಿದ್ದವೇ? ಇಲ್ಲ. ಆದರೆ ಎಷ್ಟು ಕೇಳಲಿಲ್ಲ ಎಂಬುದು ಅವನಿಗೆ ಕರಾರುವಾಕ್ಕಾಗಿ ಗೊತ್ತಿರುತ್ತಿತ್ತು. ಗಡಿಯಾರದ ಮೇಲೆ ನಂಬಿಕೆಯಿಲ್ಲದ ಅವನು "ಒಂದು ಶಿವಾ, ಎರಡು ಶಿವಾ" ಎಂದು ಬಾಯಲ್ಲೇ ಎಣಿಸುತ್ತಿದ್ದ. ಒಂದು ಶಿವಾ ಎಂದರೆ ಹೆಚ್ಚುಕಡಿಮೆ ಒಂದು ಸೆಕೆಂಡು. ಹಸಿವಾಗಿದ್ದರೆ ಸ್ವಲ್ಪ ಕಡಿಮೆ. ಅತ್ತೆ ಚಹಾ ತರುವುದು, ಹೋದ ಕರೆಂಟು ಬರುವುದು, ರಾಯಚೂರಿನಲ್ಲಿ ನಾನು ಫೋನ್ ಎತ್ತುವುದು, ಎಲ್ಲವೂ ಈ ಲೆಕ್ಕದಲ್ಲೇ.

"ಹನ್ನೊಂದು ಶಿವಾ ತಗೊಂಡಿ ನೋಡು ಫೋನ್ ಎತ್ತಾಕ. ಏನ್ ಮಾಡಾಕತ್ತಿದ್ದಿ?"

"ಜಳಕ ಮಾಡಾಕತ್ತಿದ್ದೆ ಮಾಮ."

"ಜಳಕಕ್ಕ ಏಳು ಸಾಕು."

ಇಂಥವನು ನಿವೃತ್ತಿಯ ನಂತರ ಬಿಳಿ ಕಾರೊಂದನ್ನು ಕೊಂಡ. ಕೊಂಡ ದಿನ ಅಯ್ಯನವರು ಬಂದು ಬಾನೆಟ್ ಎತ್ತಿಸಿ, ಒಳಗೂ ಪೂಜೆ ಮಾಡಿ, ಬ್ಯಾಟರಿಯ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು ಹೋದರು. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಮಾಮ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸುವನು. ಎಣ್ಣೆ ನೋಡುವನು, ನೀರು ನೋಡುವನು. ಆಮೇಲೆ "ಗಾಳಿಯಾಡಲಿ" ಎಂದು ಹಾಗೇ ಬಿಟ್ಟು ಜಳಕಕ್ಕೆ ಹೋಗುವನು. ಹೊಸ ಕಾರಿಗೆ ಉಸಿರು ಕಟ್ಟುತ್ತದೆಂದು ಅವನಿಗೆ ಹೇಳಿದವರು ಯಾರು? ಯಾರೂ ಇಲ್ಲ.

ಒಮ್ಮೆ ಅತ್ತೆಯನ್ನು ಕರೆದು ಪಾಠ ಮಾಡುವಾಗ ನಾನೂ ಇದ್ದೆ.

"ಇದು ಎಣ್ಣಿ ನೋಡೋ ಕಡ್ಡಿ. ಇದು ನೀರಿನ ಡಬ್ಬಿ. ಈ ಕರೀ ಪೆಟಿಗಿ ಬ್ಯಾಟರಿ, ಇದು ಇದರ ಎದಿ. ಇದು ನಿಂತ್ರ ಎಲ್ಲಾ ನಿಂತಂಗ."

ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು. "ಹಂಗಾದ್ರ ದಿನಾ ನಸುಕಿನ್ಯಾಗ ಎದಿ ಬಿಚ್ಚಿ ನಿಲ್ಲಸ್ತೀರಲ್ಲ, ಅದಕ್ಕ ಥಂಡಿ ಹತ್ತಂಗಿಲ್ಲೇನು?"

ಮಾಮ ಬಾನೆಟ್ ಇಳಿಸಿದ, ಮತ್ತೆ ಎತ್ತಿ ಕಡ್ಡಿ ಕೊಟ್ಟ.

ಅವರ ಒಬ್ಬಳೇ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎಂಟನೇ ತಿಂಗಳಲ್ಲಿ ರಾಯಚೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಗು ಅಡ್ಡ ಮಲಗಿದೆ, ನೋವು ಕಾಣಿಸಿದರೆ ಮನೆಯಲ್ಲಿ ಕಾಯಬೇಡಿ, ಕೂಡಲೇ ಹೊರಟುಬನ್ನಿ ಎಂದರು. ದೇವದುರ್ಗದಿಂದ ರಾಯಚೂರಿಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ನಮ್ಮ ಮನೆ ಆ ಆಸ್ಪತ್ರೆಗೆ ನಡೆದುಹೋಗುವಷ್ಟು ಹತ್ತಿರ. ಅವಳನ್ನು ನಮ್ಮಲ್ಲಿ ತಂದಿಡು ಎಂದು ಎಷ್ಟು ಸಲ ಹೇಳಿದೆನೋ.

"ಹಂಗಾದ್ರ ನಾ ಗಾಡಿ ಯಾಕ ತಗೊಂಡೀನಿ?" ಎಂದ ಮಾಮ.

ಅದಾದ ಎರಡೋ ಮೂರೋ ವಾರಕ್ಕೆ ಗಾಡಿ ನಿಧಾನವಾಯಿತು. ಓಡುವುದು ನಿಧಾನವಲ್ಲ, ಶುರುವಾಗುವುದು. ಮೊದಲು ಒಂದೇ ಶಿವಾಕ್ಕೆ ಎದ್ದು ನಿಲ್ಲುತ್ತಿದ್ದ ಎಂಜಿನ್ನು ಈಗ ಮೂರು ತಗೊಳ್ಳುತ್ತಿತ್ತು. ಎಂಟು ತಿಂಗಳ ಕಾರು! ಮಾಮ ಫೋನ್ ಮಾಡಿ, ಅದನ್ನು ಬಾನೆಟ್ಟಿನ ಹತ್ತಿರ ಹಿಡಿದು, ಕೀಲಿ ತಿರುವಿದ. ಕುರ್ರ್… ಕುರ್ರ್… ಕುರ್ರ್ ಎಂದು ಕೇಳಿಸಿತು.

"ಕೇಳಿಸ್ತೇನು?"

"ಎಂಜಿನ್ನಾ?"

"ಅಲ್ಲಲೇ, ಬ್ಯಾಸರ. ಅದಕ್ಕ ಬ್ಯಾಸರ ಬಂದದ."

ಓಣಿಯವರೆಲ್ಲ ವೈದ್ಯರಾದರು. ದರ್ಜಿ ಪೆಟ್ರೋಲ್ ಬಂಕ್ ಬದಲಿಸು ಎಂದ; ಮಾಮ ಬದಲಿಸಿದ. ನಿವೃತ್ತ ಮಾಸ್ತರರು, ಗಾಡಿಯ ಮುಖ ತೆಂಕಣಕ್ಕೆ ನಿಂತಿದೆ ಎಂದರು, ಬಡಗಣಕ್ಕೆ ತಿರುಗಿಸಿದ. ಹಳೆಯ ಬಸ್ ಡ್ರೈವರೊಬ್ಬ ಕ್ಲಚ್ ತುಳಿದು, ಎಸಿ ಆರಿಸಿ, ಕೀಲಿಯನ್ನು ಅರ್ಧ ತಿರುವಿ, ಸ್ವಲ್ಪ ತಡೆದು, ಪೂರಾ ತಿರುವು ಎಂದ. ಆ ಸ್ವಲ್ಪ ಎಷ್ಟು ಶಿವಾ ಎಂಬ ಬಗ್ಗೆ ಇಬ್ಬರಿಗೂ ಜಗಳವಾಗಿ ಒಂದು ವಾರ ಮಾತು ನಿಂತಿತು. ಪ್ರತಿ ಮದ್ದಿನ ನಂತರವೂ ಮಾಮ ದಿನಕ್ಕೆ ಹತ್ತು ಸಲ ಗಾಡಿ ಶುರು ಮಾಡಿ, ಎಣಿಸಿ, ಆರಿಸುತ್ತಿದ್ದ. ಒಳಗೆ ಮಲಗಿದ್ದ ಶಿವಲೀಲಾ ಕಿಟಕಿಯಿಂದ ಕೂಗುತ್ತಿದ್ದಳು: "ಯಪ್ಪಾ, ಕೂಸು ಬೆಚ್ಚಿ ಬೀಳಾಕತ್ತದ. ಬಂದ್ ಮಾಡು."

ಕೊನೆಗೆ ರಾಯಚೂರಿನಲ್ಲಿ ಗಾಡಿ ಕೊಂಡ ಅಂಗಡಿಯ ಸರ್ವೀಸಿಗೆ ತಂದ. ಇಲ್ಲಿಯೂ ನಾನು ಜೊತೆಗಿದ್ದೆ.

"ಏನ್ ತೊಂದ್ರಿ ಸರ್?" ಎಂದಳು ಹುಡುಗಿ, ಕಂಪ್ಯೂಟರಿನ ಮುಂದೆ.

"ಶುರು ಆಗಾಕ ಮೂರು ಶಿವಾ ತಗೊಳ್ಳಾಕತ್ತದವ್ವ."

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಮೆಕ್ಯಾನಿಕ್ ಬಂದು ಕೀಲಿ ತಿರುವಿದ. ಗಂಟೆಗೂ ಹೆಚ್ಚು ಓಡಿ ಬಿಸಿಯಾಗಿದ್ದ ಗಾಡಿ ಒಂದೇ ಏಟಿಗೆ ಎದ್ದಿತು. ಮನೆಯಲ್ಲಿ ರಂಪ ಮಾಡುವ ಕೂಸು ನೆಂಟರ ಮುಂದೆ ಕೈಕಟ್ಟಿ ಕುಳಿತ ಹಾಗೆ. ಹತ್ತು ಸಲ ತಿರುವಿದ. ಹತ್ತು ಸಲವೂ ಎದ್ದಿತು. ಯಂತ್ರಕ್ಕೆ ತಂತಿ ಜೋಡಿಸಿ ನೋಡಿದರು. ದೋಷವಿಲ್ಲ ಎಂದು ಬಂತು. ಬಾನೆಟ್ ಎತ್ತಿದರು. ಬ್ಯಾಟರಿಯ ಮೇಲಿನ ವಿಭೂತಿ ಕಂಡು ಮೆಕ್ಯಾನಿಕ್ ಕೈ ಹಿಂದೆ ತೆಗೆದುಕೊಂಡ. ಪೂಜೆ ಮಾಡಿದ್ದನ್ನು ಒರೆಸುವುದು ಹೇಗೆ? ಮಾಮ ನನ್ನ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದ: "ಎಂಟು ತಿಂಗಳಾತು ನೋಡು, ನಿನ್ನೆ ಹಚ್ಚಿದಂಗದ. ಅಯ್ಯನೋರ ವಿಭೂತಿ ಅಂದ್ರ ಏನು."

ಮರುದಿನ ಮುಂಜಾನೆ ದೇವದುರ್ಗದಿಂದ ಫೋನ್. ನಾಲ್ಕು ಶಿವಾ.

ಡಾಕ್ಟರಮ್ಮ ಹೆರಿಗೆಗೆ ಹೇಳಿದ ದಿನಕ್ಕೆ ಇನ್ನು ಹನ್ನೆರಡೋ ಹದಿಮೂರೋ ದಿನ ಉಳಿದಿತ್ತು. ಮಾಮ ಊಟ ಕಡಿಮೆ ಮಾಡಿದ. ಬಾಡಿಗೆ ಜೀಪಿನವನಿಗೂ ಹೇಳಿಡು ಎಂದಾಗ ಫೋನಿಟ್ಟ. ಮಾನ್ವಿಯಲ್ಲಿ ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ಮುದುಕ ಮಿಸ್ತ್ರಿಯೊಬ್ಬನಿದ್ದಾನೆಂದು ಯಾರೋ ಹೇಳಿದರು. ಒಂದು ರವಿವಾರ ಅಲ್ಲಿಗೆ ಹೋದೆವು. ಹೋದೆವು ಎಂದೇ ನನ್ನ ನೆನಪು. ದಾರಿಯುದ್ದಕ್ಕೂ ನಾನು ಗೊರಕೆ ಹೊಡೆಯುತ್ತಿದ್ದೆ ಎಂದು ಮಾಮ ಹೇಳುತ್ತಾನೆ. ಹಾಗಿದ್ದರೆ ದಾರಿಯಲ್ಲಿ ಸಿರವಾರದಲ್ಲಿ ಕುಡಿದ ಚಹಾ ನನಗೆ ಹೇಗೆ ನೆನಪಿದೆ?

ಮಿಸ್ತ್ರಿ ಕೀಲಿ ತಿರುವಲೇ ಇಲ್ಲ. ಗಾಡಿ ತಣ್ಣಗಾಗಲಿ ಎಂದು ನಮ್ಮನ್ನು ಬೇವಿನ ಕೆಳಗೆ ಕೂರಿಸಿದ. ಆಮೇಲೆ ಬಾನೆಟ್ ಎತ್ತಿಸಿ, ಕನ್ನಡಕ ಹಣೆಗೇರಿಸಿ, ಬ್ಯಾಟರಿಯ ಮೂಲೆಯಲ್ಲಿದ್ದ ಕೆಂಪು ಮುಚ್ಚಿಗೆಯನ್ನು ಉಗುರಿನಿಂದ ಮೀಟಿದ. ತಂತಿ ಕೂಡುವ ಜಾಗದಲ್ಲಿ ಹಸಿರು ಬಿಳಿಯ ಬೂಷ್ಟು ಹೂಕೋಸಿನಂತೆ ಅರಳಿತ್ತು. ಮಿಸ್ತ್ರಿ ಮೂಸಿ ನೋಡಿದ.

"ಯಜಮಾನ್ರ, ಇದಕ್ಕ ಬ್ಯಾಟರಿ ಅಂತಾರ. ಲಿಂಗ ಅಲ್ಲ ಇದು."

"ಅಂದ್ರ?"

"ಅಂದ್ರ ದಿನಾ ಯಾರೋ ಅಭಿಷೇಕ ಮಾಡ್ಯಾರ. ನೀರಷ್ಟೇ ಅಲ್ರೀ, ಹಾಲೂ ಬಿದ್ದದ. ತಂತಿ ಹಿಡಿಯೋ ಜಾಗ ತಿಂದುಹೋಗ್ಯದ. ಕರೆಂಟು ಹೆಂಗ ಹಾಯಬೇಕು? ಪಾಪ, ಗಾಡಿ ಇಷ್ಟರ ಮ್ಯಾಲೂ ಮೂರು ಎಣಿಸಾಗ ಎದ್ದದ ಅಂದ್ರ ಭಕ್ತಿ ಇರೋ ಗಾಡಿ."

ಮಾಮ ನಗಲಿಲ್ಲ. ವಿಭೂತಿಯ ಮೂರು ಗೆರೆಗಳನ್ನು ಬಗ್ಗಿ ನೋಡಿದ. ಎಂಟು ತಿಂಗಳ ವಿಭೂತಿ ಹಸಿಯಾಗಿರಲು ಸಾಧ್ಯವೇ? ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಅವನು ಜಳಕಕ್ಕೆ ಹೋದ ಮೇಲೆ ಬಾಯಿ ತೆರೆದು ನಿಂತ ಗಾಡಿ, ಪೂಜೆ ಮುಗಿಸಿ ತಂಬಿಗೆ ಹಿಡಿದು ಅಂಗಳಕ್ಕೆ ಬರುವ ಅತ್ತೆ, ಇದು ಇದರ ಎದಿ ಎಂದು ತಾನೇ ತೋರಿಸಿಕೊಟ್ಟ ಕರೀ ಪೆಟ್ಟಿಗೆ. ಮಿಸ್ತ್ರಿ ಬಿಸಿನೀರು ಸುರಿದು, ಬ್ರಷ್ಷಿನಿಂದ ತಿಕ್ಕಿ, ಗ್ರೀಸು ಸವರಿ ಬಿಗಿದ. ಗಾಡಿ ಒಂದು ಶಿವಾ ಮುಗಿಯುವ ಮೊದಲೇ ಎದ್ದಿತು.

ವಾಪಸು ಬರುವಾಗ ಭತ್ತದ ಗದ್ದೆಗಳು ಹಿಂದೆ ಸರಿದವು. ನಾನೇ ಕೇಳಿದೆ: "ಅತ್ತೆಗೆ ಹೇಳತೀಯೇನು?"

"ಹೇಳಂಗಿಲ್ಲ. ನೀನೂ ಹೇಳಬ್ಯಾಡ."

"ಮತ್ತ ನಾಳಿಗೆ ಮತ್ತ ನೀರು ಹಾಕತಾಳಲ್ಲ."

ಮಾಮ ಗೇರು ಬದಲಿಸಿದ. "ಮಗಳ ಚಿಂತ್ಯಾಗ ಆಕಿಗೂ ನಿದ್ದಿಲ್ಲ, ನನಗೂ ನಿದ್ದಿಲ್ಲ. ನಾ ಎಣಸತೀನಿ, ಆಕಿ ನೀರು ಹಾಕತಾಳ. ಯಾರಿಗೆ ನಿಲ್ಲಸು ಅಂತೀದಿ?"

ಅವನು ಹೀಗೆಯೇ ಹೇಳಿದನೇ? ಇಷ್ಟು ಚೊಕ್ಕವಾಗಿ ಮಾಮ ಮಾತಾಡುವವನಲ್ಲ. ನಡುವೆ ಒಂದು ಕುರಿಹಿಂಡು ಅಡ್ಡ ಬಂದಾಗ ಅವನು ಬೈದದ್ದೂ ಇತ್ತು.

ಶಿವಲೀಲಾಗೆ ನೋವು ಕಾಣಿಸಿಕೊಂಡದ್ದು ಹೇಳಿದ ದಿನಕ್ಕಿಂತ ಮೊದಲೇ, ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಗಾಡಿ ಹೇಗೆ ಶುರುವಾಯಿತೆಂದು ಆಮೇಲೆ ಮೂವರನ್ನೂ ಕೇಳಿದ್ದೇನೆ. "ಕೈ ಇಡೂದರಾಗ ಹೊಂಟಿತು" ಎಂದ ಮಾಮ. "ನಾ ಬ್ಯಾನಿ ತಿನ್ನಾಕತ್ತಿದ್ನೋ, ನಿಮ್ಮ ಗಾಡಿ ನೋಡಾಕತ್ತಿದ್ನೋ?" ಎಂದಳು ಶಿವಲೀಲಾ. ಅತ್ತೆ ತಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದಳು. ಹೇಗೋ, ಗಬ್ಬೂರು ದಾಟಿ, ರೈಲ್ವೆ ಗೇಟಿನ ಕಾಟವಿಲ್ಲದೆ ಬಂದು ಮುಟ್ಟಿದರು. ಆಪರೇಷನ್ ಮಾಡಿದರು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅವಳನ್ನು ಒಳಗೆ ಕರೆದುಕೊಂಡು ಹೋಗಿ ಎಷ್ಟು ಹೊತ್ತಾಯಿತೆಂದು ಆಪರೇಷನ್ ಕೋಣೆಯ ಬಾಗಿಲ ಮುಂದೆ ನಾನು ಕೇಳಿದಾಗ, ಮೂವತ್ತು ವರ್ಷ ಹೊತ್ತು ಬರೆದ ಮಾಮ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಅವನು ಎಣಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೊಮ್ಮಗಳ ಹತ್ತಿರದಿಂದ ಏಳಲಿಲ್ಲ. "ನೀನೇ ಹೋಗಿ ಒಂದೀಟು ಬಾನೆಟ್ ತೆಗಿ" ಎಂದ. ಆಸ್ಪತ್ರೆಯ ಅಂಗಳದಲ್ಲಿ ಬಾನೆಟ್ ಎತ್ತಿದೆ. ಬ್ಯಾಟರಿಯ ಮೇಲೆ ಬಿಳಿ ಪ್ಲಾಸ್ಟಿಕ್ ಮುಚ್ಚಳವೊಂದು ಕೂತಿತ್ತು, ಅತ್ತೆ ಜೋಳದ ಹಿಟ್ಟು ತುಂಬಿಡುವ ಡಬ್ಬಿಯದು. ತಂತಿಗಳಿಗೆ ತಾಗದಂತೆ ಅಂಚು ಕತ್ತರಿಸಿ, ಬಿದ್ದ ನೀರು ಒಂದು ಬದಿಗೆ ಹರಿದುಹೋಗುವಂತೆ ವಾಲಿಸಿ, ದಾರದಿಂದ ಕಟ್ಟಿತ್ತು. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ.

ಅತ್ತೆ ನೀರು ಹಾಕುವುದನ್ನು ನಿಲ್ಲಿಸಬೇಕಾಗಿ ಬರದಿರಲೆಂದು ಮಾಮ ಕಟ್ಟಿದನೇ? ಅಥವಾ ಅವಳಿಗೆ ಎಲ್ಲಿಂದಲೋ ವಿಷಯ ತಿಳಿದು, ತಾನು ನೀರು ಹಾಕಿದ್ದು ಅವನಿಗೆ ಗೊತ್ತಾಗದಿರಲೆಂದು ಅವಳೇ ಕಟ್ಟಿದಳೇ? ನಾನಂತೂ ಅವಳಿಗೆ ಹೇಳಿರಲಿಲ್ಲ. ಹೇಳಿರಲಿಲ್ಲವೆಂದು ನನ್ನ ನೆನಪು. ಮುಚ್ಚಳ ಅವಳ ಅಡುಗೆಮನೆಯದು, ಆದರೆ ಕತ್ತರಿ ಇಬ್ಬರ ಕೈಗೂ ಸಿಗುವ ಜಾಗದಲ್ಲಿರುತ್ತದೆ. ಇಬ್ಬರನ್ನೂ ಕೇಳಿಲ್ಲ. ಯಾರು ಕಟ್ಟಿದರೋ ನನಗೆ ಗೊತ್ತಿಲ್ಲ.