ಹದಿನಾಲ್ಕು ಕುರ್ಚಿಗಳ ಮನೆ

ಕುರ್ಚಿಯಪ್ಪ ಮಾಡಿದ ಅಪರಾಧ ಇಷ್ಟೇ: ಎರಡು ಬೆತ್ತದ ಕುರ್ಚಿಗಳನ್ನು ತನ್ನದೇ ಅಂಗಳದಲ್ಲಿ, ಗೇಟಿನ ಪಕ್ಕ ಎದುರುಬದುರು ಇಟ್ಟ. ಒಂದರಲ್ಲಿ ತಾನು ಕೂತ. ಇನ್ನೊಂದರಲ್ಲಿ ಯಾರಾದರೂ ಕೂತಾರೆಂದು ಒಂಬತ್ತು ದಿನ ಕಾದ. ಕೂತದ್ದು ಒಂದು ಬೆಕ್ಕು. ಅದೂ ಅವನಿಗೆ ಬೆನ್ನು ತಿರುಗಿಸಿಕೊಂಡು.

ಹತ್ತನೆಯ ದಿನ ಬೆಳಿಗ್ಗೆ ಗೇಟಿಗೆ ನೋಟೀಸು ಅಂಟಿತ್ತು. ‘ವಾಸದ ವಲಯದಲ್ಲಿ ಕುರ್ಚಿ ವ್ಯಾಪಾರ ನಡೆದಿರುವುದಾಗಿ ದೂರು. ಇಂದು ಸಂಜೆ ನಾಲ್ಕಕ್ಕೆ ಪರಿಶೀಲನೆ. ಇದು ಮನೆಯೇ ಎಂದು ತೋರಿಸದಿದ್ದಲ್ಲಿ ಬೀಗ.’

ಕುರ್ಚಿಯಪ್ಪ ನೋಟೀಸನ್ನು ಕಿತ್ತು ಕೈಯಲ್ಲಿ ಹಿಡಿದ. ಮೂವತ್ತು ವರ್ಷ ಕುರ್ಚಿ ಹೆಣೆದ ಕೈ ಅದು. ಅವನು ಹೆಣೆದ ಕುರ್ಚಿಯಲ್ಲಿ ಆನೆ ಕೂತರೂ ಕುರ್ಚಿ ಗಟ್ಟಿ, ಆನೆಗೆ ನಡುನೋವು ಮಾಯ! ಆದರೆ ಮಾರಾಟ? ಒಂದೂ ಇಲ್ಲ. ಅಕ್ಕ ಬದುಕಿದ್ದಾಗ ಈ ಮನೆಗೆ ಅರ್ಧ ಪ್ರಪಂಚ ಬಂದು ಹೋಗುತ್ತಿತ್ತು, ಯಾವಾಗ ನೋಡಿದರೂ ಒಂದು ಕುರ್ಚಿ ಕಮ್ಮಿ. "ಬಂದವ್ರನ್ನ ನಿಲ್ಲಿಸ್ಬಾರ್ದು ಕಣೋ, ಇನ್ನೊಂದು ಹೆಣಿ" ಎನ್ನುತ್ತಿದ್ದಳು. ಅಕ್ಕ ಹೋಗಿ ಆರು ವರ್ಷ. ಅವಳ ಹಿಂದೆಯೇ ಜನವೂ ಹೋದರು. ಇವನು ಮಾತ್ರ ಇನ್ನೊಂದು, ಇನ್ನೊಂದು ಎಂದು ಹೆಣೆಯುತ್ತಲೇ ಇದ್ದ. ಈಗ ಹದಿನಾಲ್ಕು.

ಎದುರು ಮನೆಯ ಕಾನೂನು ಮೇಷ್ಟ್ರ ಬಳಿ ಓಡಿದ. ಜನ ಕಡಲೆಬೀಜ ತಿಂದಂತೆ ಮೇಷ್ಟ್ರು ನಿಯಮಾವಳಿ ತಿನ್ನುವವರು. ಹಲ್ಲಿನ ಸಂದಿಯಲ್ಲೂ ಒಂದೆರಡು ಕಲಮು ಸಿಕ್ಕಿಕೊಂಡಿರುತ್ತಿದ್ದವು.

"ದೂರಲ್ಲಪ್ಪಾ ಅದು! ಮನೆ ಮುಂದೆ ಕುರ್ಚಿ ಇಡಬಹುದಾ ಅಂತ ನಾನೇ ಸುಮ್ನೆ ಆಫೀಸಿಗೆ ಬರೆದು ಕೇಳಿದ್ದೆ. ತಿಳ್ಕೊಳ್ಳೋಕೆ ಅಷ್ಟೇ."

"ನನ್ನನ್ನೇ ಕೇಳ್ಬೋದಿತ್ತಲ್ಲ ಮೇಷ್ಟ್ರೇ. ಬಂದು ಕೂತು..."

"ನಿನಗೇನಯ್ಯ ಗೊತ್ತು ಕಾನೂನು? ಕೇಳಿಲ್ಲಿ. ಅಂಗಡಿ ಅಂದ್ಮೇಲೆ ಗಿರಾಕಿ ಬೇಕು. ಈ ಮನೆಗೆ ನರಪಿಳ್ಳೆ ಬರಲ್ಲ ಅಂತ ತೋರಿಸಿದ್ರೆ ಕೇಸು ಮಟಾಷ್. ಸಾಕ್ಷಿ ನಾನು ತರ್ತೀನಿ!"

ಅಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿಕೊಂಡೇ ನುಗ್ಗಿದಳು. "ಅಣ್ಣಾ, ಮೊದ್ಲು ಆ ಕುರ್ಚಿ ಕಣ್ಣಿಗೆ ಬೀಳದ ಹಾಗೆ ಮಾಡು. ಎಲ್ಲಾ ಒಳಗಿನ ರೂಮಿಗೆ ಸಾಗಿಸು!"

ಸಾಗಿಸಿದರು. ಟೈಲರಮ್ಮ ಕೊಡುತ್ತ ಹೋದಳು, ಕುರ್ಚಿಯಪ್ಪ ಒಂದರ ಮೇಲೊಂದು ಪೇರಿಸುತ್ತ ಹೋದ. ಗೋಪುರ ಸೂರು ಮುಟ್ಟಿತು. ಇನ್ನೆರಡು ಕುರ್ಚಿ ಇದ್ದಿದ್ದರೆ ಹಂಚು ಸರಿಸಿ ಮೋಡಕ್ಕೆ ತಗಲುತ್ತಿತ್ತು. ಕೊನೆಯದನ್ನು ಸಿಕ್ಕಿಸಿ ತಿರುಗಿದಾಗ ತಿಳಿಯಿತು, ತಾನು ಗೋಡೆಯ ಕಡೆ ಇದ್ದಾನೆ, ಬಾಗಿಲು ಆ ಕಡೆ ಇದೆ. ನಡುವೆ ನಲವತ್ತೆಂಟು ಕಾಲು ಒಂದಕ್ಕೊಂದು ತೊಡರಿಕೊಂಡು ನಿಂತಿವೆ. ಉಳಿದೆಂಟು ಕಾಲು ಅವನ ಹೊಟ್ಟೆಗೇ ಗುರಿ.

"ಅಲುಗಾಡ್ಬೇಡ ಅಣ್ಣ! ಎಲ್ಲಾ ತಲೆ ಮೇಲೆ ಬೀಳ್ತವೆ. ಉಸಿರು ಬಿಗಿಹಿಡ್ಕೊ!"

ಸರಿಯಾಗಿ ಆಗಲೇ ಇನ್ಸ್‌ಪೆಕ್ಟರ್ ಬಂದ. ಕಂಕುಳಲ್ಲಿ ಕಡತ, ಮುಖ ಸಹಿ ಹಾಕದ ಅರ್ಜಿಯ ಹಾಗೆ. ಹಿಂದೆ ಮೇಷ್ಟ್ರು, ಅವರ ಹಿಂದೆ ಇಡೀ ಬೀದಿ. ಆರು ವರ್ಷದ ಮೇಲೆ ಆ ಮನೆ ತುಂಬಿತು. ಕುರ್ಚಿಯಪ್ಪನ ಎದೆ ಹಿಗ್ಗಿ ಗೋಪುರವೇ ಕಿರ್ರೆಂದಿತು. ಒಬ್ಬಿಬ್ಬರಲ್ಲ, ಹನ್ನೊಂದು ದನಿ!

"ಈ ಮನೆಗೆ ಯಾರು ಬರ್ತಾರೆ?" ಇನ್ಸ್‌ಪೆಕ್ಟರ್ ಕೇಳಿದ.

"ಯಾರೂ ಇಲ್ಲ ಸಾರ್," ಎಂದಳು ಟೈಲರಮ್ಮ ಜೋರಾಗಿ. "ನನ್ನ ಮಿಷಿನ್ನು ಈ ಗೋಡೆಗೇ ಅಂಟಿಕೊಂಡಿದೆ. ಒಂದು ಮಾತು ಕೇಳ್ಸಲ್ಲ, ಒಂದು ನಗು ಕೇಳ್ಸಲ್ಲ."

"ನೆಂಟರು?"

"ಇದ್ದ ಅಕ್ಕನೂ ಹೋದ್ಲು," ಎಂದರು ಮೇಷ್ಟ್ರು.

"ಹಬ್ಬ ಹರಿದಿನ, ಕಾಯಿಲೆ ಕಸಾಲೆ?"

"ಹೋದ ವರ್ಷ ಜ್ವರ ಬಂದು ಹದಿನೈದು ದಿನ ಮಲಗಿದ್ನಂತೆ ಸಾರ್," ಇನ್ನಾರೋ ಹೆಮ್ಮೆಯಿಂದ ಹೇಳಿದರು. "ಒಬ್ರೂ ಇಣುಕಿಲ್ಲ. ನಮಗೇ ಗೊತ್ತಾಗ್ಲಿಲ್ಲ!"

ಬೆತ್ತದ ಕಣ್ಣುಗಳ ಹಿಂದೆ ಕುರ್ಚಿಯಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಒಂದೂ ಸುಳ್ಳಲ್ಲ. ಎಲ್ಲರೂ ಅವನ ಮನೆ ಉಳಿಸಲೆಂದೇ ಹೇಳುತ್ತಿದ್ದರು, ಅದಕ್ಕೇ ಬಾಯಿ ಬಿಡುವಂತಿರಲಿಲ್ಲ. ಹನ್ನೊಂದು ಜನ ಸಾಲಾಗಿ ರುಜು ಹಾಕಿದರು.

"ಅಂಗಡಿ ಅಲ್ಲ, ಸಾಬೀತಾಯ್ತು," ಎಂದ ಇನ್ಸ್‌ಪೆಕ್ಟರ್. ಬೀದಿ ಚಪ್ಪಾಳೆ ತಟ್ಟಿತು. ಅವನು ಒಳರೂಮಿನ ಬಾಗಿಲು ತಳ್ಳಿದ. ಗೋಪುರವನ್ನು ಬುಡದಿಂದ ತುದಿಯವರೆಗೆ ನೋಡಿದ. ನಡುವೆ ಎರಡು ಕಣ್ಣು ಕಂಡವು.

"ಯಾರಯ್ಯ ಅದು?"

"ನಾನೇ ಸಾರ್. ಮನೆಯವ್ನು."

"ಮನೆ ಎಲ್ಲಿದೆ? ಮಾತಿಲ್ಲ, ನೆಂಟರಿಲ್ಲ, ಬರೋರು ಹೋಗೋರು ಇಲ್ಲ. ಸೂರಿನ ತನಕ ಸಾಮಾನು." ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದ. "ಇದು ಗೋದಾಮು. ವಾಸದ ವಲಯದಲ್ಲಿ ಗೋದಾಮಿಗೂ ಅನುಮತಿ ಇಲ್ಲ. ವಾಸ ಇರೋರು: ಯಾರೂ ಇಲ್ಲ. ಕಾವಲುಗಾರ: ಒಬ್ಬ."

"ಸಾರ್, ನಾನು ಇಲ್ಲೇ ಮಲಗ್ತೀನಿ, ಇಲ್ಲೇ ಅಡಿಗೆ..."

"ಕಾವಲುಗಾರರೂ ಮಲಗ್ತಾರೆ. ಮೂವತ್ತು ದಿನ ಕೊಡ್ತೀನಿ. ಅಷ್ಟರೊಳಗೆ ಇಲ್ಲಿಗೆ ನಾಲ್ಕು ಜನ ಬಂದು ಹೋಗ್ತಾರೆ ಅಂತ ತೋರಿಸು, ಮನೆ ಅಂತ ಬರೀತೀನಿ. ಇಲ್ಲಾಂದ್ರೆ ಬೀಗ." ಹೊಸ ನೋಟೀಸನ್ನು ಒಂದು ಕುರ್ಚಿಯ ಕಾಲಿಗೆ ಸಿಕ್ಕಿಸಿ ಹೋದ.

ಜನ ಸೇರಿ ಕುರ್ಚಿಗಳನ್ನು ಇಳಿಸಿ ಅವನನ್ನು ಬಿಡಿಸಿದರು. ಹದಿನಾಲ್ಕು ಕುರ್ಚಿ ನಡುಮನೆಯಲ್ಲಿ ಹರಡಿದವು. ಹನ್ನೊಂದು ಜನ ನಿಂತಿದ್ದರು. ಕುರ್ಚಿಯಪ್ಪನ ಮುಖ ಅರಳಿತು. ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿಗಳ ಧೂಳು ಒರೆಸಿದ.

"ಸುಲಭ ಆಯ್ತಲ್ಲ ಮೇಷ್ಟ್ರೇ! ನಾಲ್ಕು ಯಾಕೆ, ಹನ್ನೊಂದು ಜನ ಇದೀರಿ. ಕೂತ್ಕೊಳ್ಳಿ. ಎಲ್ರಿಗೂ ಆಗಿ ಮೂರು ಮಿಗ್ತವೆ."

ಟೈಲರಮ್ಮ ಕೂರಲು ಬಗ್ಗಿಯೇಬಿಟ್ಟಿದ್ದಳು. ಮೇಷ್ಟ್ರು ಅವಳ ಮೊಣಕೈ ಹಿಡಿದೆತ್ತಿದರು.

"ತಲೆ ಕೆಟ್ಟಿದ್ಯಾ? ಈ ಮನೆಗೆ ಯಾರೂ ಬರಲ್ಲ ಅಂತ ಈಗ್ತಾನೆ ರುಜು ಹಾಕಿದೀವಿ. ಕೂತ್ರೆ ಸುಳ್ಳು ಸಾಕ್ಷಿ! ಎಲ್ರೂ ಜೈಲಿಗೆ!"

ಚಪ್ಪಲಿ ಹುಡುಕಿಕೊಳ್ಳುವಷ್ಟು ಹೊತ್ತು ಗದ್ದಲ. ಆಮೇಲೆ ಅದೂ ಇಲ್ಲ.

ಕುರ್ಚಿಯಪ್ಪ ನೋಟೀಸನ್ನು ಪೂರ್ತಿ ಓದಿದ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ರಿಯಾಯಿತಿ ಇತ್ತು: ಕಾವಲುಗಾರನು ಗೇಟಿನ ಬಳಿ ಒಂದು ಕುರ್ಚಿ ಇಟ್ಟುಕೊಳ್ಳಬಹುದು.

ಒಂದನ್ನು ಒಯ್ದು ಗೇಟಿನ ಪಕ್ಕ ಇಟ್ಟು ಕೂತ. ಬೆಕ್ಕು ಬಂತು. ಎದುರು ಜಾಗ ನೋಡಿತು, ಎರಡನೆಯ ಕುರ್ಚಿ ಇಲ್ಲದ್ದು ಕಂಡು ಟೈಲರಮ್ಮನ ಕಾಂಪೌಂಡು ಹಾರಿ ಹೋಯಿತು.